ಮುಂಬೈಗೆ ಹೋದರೆ ಮೊಟ್ಟೆ ಎಲ್ಲಿ ತಿನ್ನಬೇಕು?

ಮುಂಬೈಗೆ ಹೊರಟವರು ವಡಾಪಾವ್, ಪಾವ್‌ಭಾಜಿ, ಭೇಲ್‌ಪುರಿ ಅಂತ ಪಟ್ಟಿ ಮಾಡುತ್ತಾರೆ. ಮೊಟ್ಟೆ ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಆದರೆ ಮೊಟ್ಟೆ ಇಷ್ಟಪಡುವವರಿಗೆ ಆ ಊರು ಒಳ್ಳೆ ಹಬ್ಬ. ನಾವು ಮನೆಯವರೆಲ್ಲ ಹೋಗಿದ್ದಾಗ ಸುತ್ತಾಟದ ನಡುವೆ ಇದಕ್ಕೇ ಅಂತ ಹೊತ್ತು ಇಟ್ಟುಕೊಂಡಿದ್ದೆವು. ಅಲ್ಲಿ ಯಾವ ಹೊತ್ತಿಗೆ ಯಾವುದು ಅನ್ನುವುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಬೆಳಿಗ್ಗೆ ಇರಾನಿ ಕೆಫೆ, ಅಂದರೆ ಇರಾನಿನಿಂದ ಬಂದವರು ಶುರುಮಾಡಿದ ಹಳೆಯ ಚಹಾ-ತಿಂಡಿ ಹೋಟೆಲ್; ಕತ್ತಲಾದ ಮೇಲೆ ಬೀದಿ.

ಉಳಿಯುವ ಜಾಗ ದಕ್ಷಿಣ ಮುಂಬೈಯಲ್ಲೇ ಇರಲಿ. ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣ), ಫೋರ್ಟ್, ಮರೀನ್ ಲೈನ್ಸ್, ಯಾವುದರ ಹತ್ತಿರವಾದರೂ ಸರಿ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಸೀದಾ ಸಿಎಸ್‌ಎಂಟಿಗೇ ಹೋಗುತ್ತದೆ. ಕರಾವಳಿಯವರು ಮತ್ಸ್ಯಗಂಧ ಹಿಡಿದರೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಇಳಿಯಬೇಕು. ಅಲ್ಲಿಂದ ಊರೊಳಗೆ ಬರುವುದು ಬೇರೆ ಕೆಲಸ. ರೂಮ್ ಬುಕ್ ಮಾಡುವಾಗ ಬೆಳಗಿನ ತಿಂಡಿ ಸೇರಿಸಬೇಡಿ. ನಾವಿದ್ದ ಹೋಟೆಲ್‌ನಲ್ಲಿ ಬಫೆ ಆಮ್ಲೆಟ್ ತಟ್ಟೆಗೆ ಬರುವಷ್ಟರಲ್ಲಿ ತಣ್ಣಗಾಗಿ ರಬ್ಬರ್ ಆಗಿರುತ್ತಿತ್ತು.

ಮೊದಲ ಬೆಳಿಗ್ಗೆ ಕಯಾನಿಗೆ ಹೋಗಿ. ಧೋಬಿ ತಲಾವ್‌ನಲ್ಲಿ, ಮೆಟ್ರೊ ಸಿನಿಮಾದ ಹತ್ತಿರ, 1904ರಿಂದ ನಡೆಯುತ್ತಿರುವ ಇರಾನಿ ಕೆಫೆ ಅದು. ಮರೀನ್ ಲೈನ್ಸ್ ಸ್ಟೇಷನ್‌ನಿಂದ ಹತ್ತಿರ, ಸಿಎಸ್‌ಎಂಟಿಯಿಂದಲೂ ನಡೆದೇ ಹೋಗಬಹುದು. ಬೇಗ ಹೋದಷ್ಟೂ ಒಳ್ಳೆಯದು. ತಡವಾದರೆ ಟೇಬಲ್‌ಗೆ ಕಾಯಬೇಕಾಗುತ್ತದೆ, ಗಡಿಬಿಡಿಯಲ್ಲಿ ತಿನ್ನಬೇಕಾಗುತ್ತದೆ.

ಅಲ್ಲಿ ಅಕೂರಿ ಕೇಳಿ. ಪಾರ್ಸಿಗಳ ಅಡುಗೆ ಇದು. ನೋಡಲು ನಮ್ಮ ಬುರ್ಜಿಯ ಹಾಗೇ ಇರುತ್ತದೆ: ಈರುಳ್ಳಿ, ಟೊಮೆಟೊ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಚೂರು ಅರಿಶಿನ. ವ್ಯತ್ಯಾಸ ಇರುವುದು ಒಲೆಯಿಂದ ಇಳಿಸುವ ಹೊತ್ತಿನಲ್ಲಿ. ಬುರ್ಜಿಯನ್ನು ನಾವು ಉದುರು ಉದುರಾಗುವವರೆಗೆ ಹುರಿಯುತ್ತೇವೆ. ಅಕೂರಿಯನ್ನು ಇನ್ನೂ ಪಸೆ ಇರುವಾಗಲೇ ಇಳಿಸುತ್ತಾರೆ. ಪಾವ್ ಮುರಿದು ಅದ್ದಿದರೆ ಅಂಟಿಕೊಂಡು ಬರಬೇಕು, ಅದೇ ಅದರ ಹದ. ತಟ್ಟೆ ಬಂದ ತಕ್ಷಣ ತಿನ್ನಿ. ಫೋಟೊ ತೆಗೆಯುತ್ತಾ ಕೂತರೆ ಅದು ಬಿಗಿದುಕೊಂಡು ಬುರ್ಜಿಯೇ ಆಗಿಬಿಡುತ್ತದೆ. ಇದಕ್ಕೆ ಮೆತ್ತನೆಯ ಪಾವ್ ಸರಿ. ಗಟ್ಟಿ ಹೊರಪದರದ ಬ್ರುನ್ ಪಾವ್ ಬೇಕಾದರೆ ಬೆಣ್ಣೆ ಹಚ್ಚಿಸಿಕೊಂಡು ಚಹಾದಲ್ಲಿ ಅದ್ದಿ ತಿನ್ನಿ.

ಮಾಂಸ ತಿನ್ನುವವರು ಖೀಮಾ ಘೋಟಾಲಾ ಬಿಡಬೇಡಿ. ಖೀಮಾಕ್ಕೆ, ಅಂದರೆ ಸಣ್ಣಗೆ ಕೊಚ್ಚಿದ ಮಾಂಸಕ್ಕೆ, ಮೊಟ್ಟೆ ಒಡೆದು ಹಾಕಿ ಕಲಸಿ ಬೇಯಿಸುತ್ತಾರೆ. ಯಾವ ಮಾಂಸ ಅಂತ ಆರ್ಡರ್ ಮಾಡುವಾಗಲೇ ಕೇಳಿಕೊಳ್ಳಿ. ಬುಲ್ಸ್ ಐ ಬೇಕಾದರೆ ಹಾಫ್ ಫ್ರೈ ಅನ್ನಿ, ಸಾಕು. ಇನ್ನು ಸಲೀ ಪರ್ ಈಡು ಅಂತ ಒಂದಿದೆ: ಕಡ್ಡಿಯ ಹಾಗೆ ಸಣ್ಣಗೆ ಕರಿದ ಆಲೂಗಡ್ಡೆಯ ಮೇಲೆ ಮೊಟ್ಟೆ ಒಡೆದು, ಮುಚ್ಚಿ ಹಬೆಯಲ್ಲಿ ಬೇಯಿಸಿದ್ದು. ಬೆಂಡೆಕಾಯಿ, ಟೊಮೆಟೊ ಪಲ್ಯದ ಮೇಲೂ ಪಾರ್ಸಿಗಳು ಹೀಗೇ ಮೊಟ್ಟೆ ಒಡೆಯುತ್ತಾರೆ. ಇದು ಹೆಚ್ಚಾಗಿ ಮನೆಯ ಅಡುಗೆ, ಎಲ್ಲ ಕಡೆ ಸಿಗುವುದಿಲ್ಲ. ಯಾವ ಪಾರ್ಸಿ ಹೋಟೆಲ್‌ನ ಮೆನುವಿನಲ್ಲಿ ಕಂಡರೂ ಬೇರೆ ಯೋಚನೆ ಮಾಡದೆ ಹೇಳಿಬಿಡಿ. ನನ್ನನ್ನು ಕೇಳಿದರೆ ಅಕೂರಿಗಿಂತ ಇದೇ ಒಂದು ಕೈ ಮೇಲು.

ಫೋರ್ಟ್‌ನಲ್ಲಿ 1933ರ ಕೆಫೆ ಮಿಲಿಟರಿಯೂ ಇದೆ. ಆದರೆ ಫೋರ್ಟ್ ಅಂದರೆ ಆಫೀಸುಗಳ ಜಾಗ. ಭಾನುವಾರ ಬೀದಿಗಳೇ ಖಾಲಿ, ಬಾಗಿಲು ಹಾಕಿದ ಹೋಟೆಲ್‌ಗಳೂ ಜಾಸ್ತಿ. ಅದನ್ನು ವಾರದ ದಿನಕ್ಕೆ ಇಟ್ಟುಕೊಳ್ಳಿ.

ಜೊತೆಯಲ್ಲಿ ಮೊಟ್ಟೆ ತಿನ್ನದವರಿದ್ದರೆ ಒಂದು ಬೆಳಿಗ್ಗೆ ಮಾಟುಂಗಾಕ್ಕೆ ಕೊಡಿ. ಕಿಂಗ್ಸ್ ಸರ್ಕಲ್‌ನ ಮೂಲೆಯಲ್ಲಿ ಕೂಲಾರ್ ಅಂತ ಹಳೆಯ ಇರಾನಿ ಕೆಫೆ. ಅಲ್ಲಿನ ‘ರೆಸ್ಲರ್ ಆಮ್ಲೆಟ್’ ಹೆಸರುವಾಸಿ. ಹಸಿದು ಹೋಗಿ, ಇಬ್ಬರು ಹಂಚಿಕೊಳ್ಳಿ. ಅದೇ ಮಾಟುಂಗಾದಲ್ಲಿ ಕೆಫೆ ಮದ್ರಾಸ್ ಇದೆ, ಸ್ಟೇಷನ್ ಪಕ್ಕದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ನಮ್ಮತ್ತೆಯವರು ದೋಸೆ ತಿಂದರು, ನಾವು ಆಮ್ಲೆಟ್ ತಿಂದೆವು, ಯಾರಿಗೂ ಮುನಿಸಿಲ್ಲ. ಸುತ್ತಮುತ್ತ ಕನ್ನಡವೂ ಕಿವಿಗೆ ಬೀಳುತ್ತಿತ್ತು.

ಸ್ಟೇಷನ್ ವಿಷಯದಲ್ಲಿ ಹುಷಾರು. ಮಾಟುಂಗಾ ಸೆಂಟ್ರಲ್ ಲೈನ್‌ನಲ್ಲಿದೆ, ಮಾಟುಂಗಾ ರೋಡ್ ವೆಸ್ಟರ್ನ್‌ನಲ್ಲಿ, ಕಿಂಗ್ಸ್ ಸರ್ಕಲ್ ಹಾರ್ಬರ್‌ನಲ್ಲಿ. ಸಿಎಸ್‌ಎಂಟಿಯಿಂದ ಎಲ್ಲ ಸ್ಟೇಷನ್‌ಗಳಲ್ಲೂ ನಿಲ್ಲುವ ಸ್ಲೋ ಲೋಕಲ್ ಹತ್ತಿ ಮಾಟುಂಗಾದಲ್ಲಿ ಇಳಿಯಿರಿ. ಫಾಸ್ಟ್ ಹತ್ತಿದರೆ ದಾದರ್‌ನಲ್ಲೇ ಇಳಿಯಬೇಕಾಗುತ್ತದೆ. ಬೆಳಿಗ್ಗೆ ಜನವೆಲ್ಲ ದಕ್ಷಿಣಕ್ಕೆ ಕೆಲಸಕ್ಕೆ ಬರುತ್ತಿರುತ್ತಾರೆ, ನೀವು ಉತ್ತರಕ್ಕೆ ಹೋಗುತ್ತಿರುತ್ತೀರಿ. ಆರಾಮಾಗಿ ಕೂತು ಹೋಗಬಹುದು. ವಾಪಸ್ ಬರುವುದನ್ನು ಮಾತ್ರ ಹನ್ನೊಂದರ ಮೇಲೆ ಇಟ್ಟುಕೊಳ್ಳಿ.

ಸಂಜೆಗೆ ಕೊಲಾಬಾ. ಗೇಟ್‌ವೇ ನೋಡಿಕೊಂಡು ತಾಜ್ ಹೋಟೆಲ್‌ನ ಹಿಂದಿನ ಬೀದಿಗೆ ಬಂದರೆ ಬಡೇಮಿಯಾ ಸಿಗುತ್ತದೆ. 1946ರಿಂದ ಇದೆ. ಕಬಾಬ್‌ಗೆ ಹೆಸರಾದ ಜಾಗ, ಆದರೆ ನೀವು ಬೈದಾ ರೋಟಿ ಹೇಳಿ. ತೆಳ್ಳಗೆ ಎಳೆದ ಮೈದಾ ಹಾಳೆಯೊಳಗೆ ಖೀಮಾ, ಮೊಟ್ಟೆ ಹಾಕಿ, ಚೌಕಕ್ಕೆ ಮಡಿಸಿ ಬೇಯಿಸಿಕೊಡುತ್ತಾರೆ. ಎಣ್ಣೆ ಜಾಸ್ತಿ. ಇದಾದ ಮೇಲೆ ಊಟ ಬೇಡ ಅನ್ನಿಸುತ್ತದೆ.

ರಾತ್ರಿ ಬುರ್ಜಿ ಪಾವ್ ಗಾಡಿಗಳು ಸ್ಟೇಷನ್‌ಗಳ ಹೊರಗೆ ಸಿಗುತ್ತವೆ. ಹೆಸರು ಹುಡುಕಬೇಡಿ, ತವಾ ನೋಡಿ. ಜನ ಜಾಸ್ತಿ ಇದ್ದು, ಮೊಟ್ಟೆಯನ್ನು ನಿಮ್ಮ ಕಣ್ಣೆದುರೇ ಒಡೆಯುತ್ತಿದ್ದರೆ ನಿಲ್ಲಿ. ಮೊದಲೇ ಮಾಡಿ ತವಾದ ಅಂಚಿಗೆ ಗುಡ್ಡೆ ಹಾಕಿದ್ದರೆ ಮುಂದೆ ಹೋಗಿ. ಈರುಳ್ಳಿ, ಟೊಮೆಟೊ ಬಾಡಿದ ಮೇಲೆ ಮೊಟ್ಟೆ ಬೀಳುತ್ತದೆ. ಆಮೇಲೆ ಟಕಟಕ ಅಂತ ಕೊಚ್ಚುವ ಸದ್ದು. ಕೊನೆಗೆ ಅದೇ ಮಸಾಲೆಯ ಮೇಲೆ ಪಾವ್ ಒತ್ತಿ ಬಿಸಿ ಮಾಡುತ್ತಾರೆ. ಖಾರ ಕಡಿಮೆ ಬೇಕಾದರೆ ಈರುಳ್ಳಿ ಹಾಕುವ ಮೊದಲೇ ಹೇಳಿ, ಆಮೇಲೆ ಹೇಳಿ ಪ್ರಯೋಜನವಿಲ್ಲ. ಮಳೆಗಾಲದಲ್ಲಿ ಜೋರು ಮಳೆ ಬಂದರೆ ಗಾಡಿಗಳೇ ಇರುವುದಿಲ್ಲ. ಅಂಥ ದಿನಕ್ಕೆ ಶೆಟ್ಟರ ಸಣ್ಣಪುಟ್ಟ ಹೋಟೆಲ್‌ಗಳು ಊರ ತುಂಬ ಇವೆ. ಹೊರಗೆ ‘ಪ್ಯೂರ್ ವೆಜ್’ ಬೋರ್ಡ್ ಇದ್ದರೆ ಅಲ್ಲಿ ಮೊಟ್ಟೆ ಸಿಗುವುದಿಲ್ಲ, ಅದೊಂದು ನೋಡಿಕೊಂಡು ಒಳಗೆ ಹೋಗಿ, ಅಷ್ಟೇ. ಎಲ್ಲ ಕಡೆಗೂ ಚಿಲ್ಲರೆ ಇಟ್ಟುಕೊಂಡಿರಿ.