ಸಿಮ್ಸ್ 4ರಲ್ಲಿ ಮಾಡೋಕೆ ಬೇಕಾದಷ್ಟಿದೆ, ಆದರೂ ಸಿಮ್ಸ್ 2 ಯಾಕೆ ಬೇಜಾರಾಗಲ್ಲ

ಸಿಮ್ ಅನ್ನೋ ಪಾತ್ರಗಳಿಗೆ ಮನೆ ಕಟ್ಟಿ, ಅವರ ಬದುಕು ನಡೆಸೋ ಕಂಪ್ಯೂಟರ್ ಗೇಮ್ ‘ದ ಸಿಮ್ಸ್’. ಅದರ ನಾಲ್ಕನೇ ಕಂತು ಸಿಮ್ಸ್ 4ರ ಮೂಲ ಆಟ 2022ರ ಅಕ್ಟೋಬರ್‌ನಿಂದ ಉಚಿತ. ಹೊಸಬರು ಅದರಿಂದಲೇ ಶುರು ಮಾಡ್ತಾರೆ, ಸ್ವಲ್ಪ ದಿನಕ್ಕೇ ‘ಎಲ್ಲಾ ಮನೆಯೂ ಒಂದೇ ಥರ ಅನ್ಸುತ್ತೆ’ ಅಂತಾರೆ. ದೂರು ಸರಿಯಾಗೇ ಇದೆ, ಆದರೆ ಇನ್ನೊಂದು ಪ್ಯಾಕ್ (ದುಡ್ಡು ಕೊಟ್ಟು ಸೇರಿಸೋ ಹೆಚ್ಚುವರಿ ಭಾಗ) ಕೊಂಡರೆ ಹೋಗೋದಲ್ಲ. ಪ್ಯಾಕ್‌ನಿಂದ ಕೆಲಸಗಳು ಹೆಚ್ಚುತ್ತವೆ, ಅಷ್ಟೇ. ಒಂದೇ ಕೆಲಸಕ್ಕೆ ಇಬ್ಬರು ಸಿಮ್‌ಗಳು ಎರಡು ಥರ ನಡೆದುಕೊಂಡಾಗಲೇ ಆಟಕ್ಕೆ ವೈವಿಧ್ಯ ಬರೋದು.

ಈ ವಿಷಯದಲ್ಲಿ 2004ರ ಸಿಮ್ಸ್ 2 ಇವತ್ತಿಗೂ ಮುಂದಿದೆ. ಮದುವೆಯನ್ನೇ ನೋಡಿ. ಪ್ರತಿ ಸಿಮ್‌ಗೂ ಆಸ್ಪಿರೇಶನ್ ಅಂತ ಒಂದು ಜೀವನದ ಗುರಿ ಇರುತ್ತೆ. ಫ್ಯಾಮಿಲಿ ಆಸ್ಪಿರೇಶನ್‌ನ ಸಿಮ್‌ಗೆ ಅದು ದೊಡ್ಡ ಆಸೆ, ರೊಮ್ಯಾನ್ಸ್ ಆಸ್ಪಿರೇಶನ್‌ನವರಿಗೆ ದೊಡ್ಡ ಭಯ. ಪರದೆ ಮೇಲೆ ನಾಲ್ಕು ಆಸೆ, ಮೂರು ಭಯ ಕಾಣುತ್ತವೆ. ಅಂಥ ಇಬ್ಬರಿಗೂ ಗಂಟು ಹಾಕಿಸಿದರೆ ಒಬ್ಬರ ಆಸ್ಪಿರೇಶನ್ ಮೀಟರ್ ಏರುತ್ತೆ, ಇನ್ನೊಬ್ಬರದು ಇಳಿಯುತ್ತೆ. ತಳ ಮುಟ್ಟಿದರೆ ಸಿಮ್ ತಲೆಕೆಟ್ಟು ಕೂರುತ್ತೆ, ಥೆರಪಿಸ್ಟ್ ಆಕಾಶದಿಂದ ಇಳಿದು ಬರ್ತಾನೆ. ಇದರ ಮೇಲೆ ಸ್ವಭಾವದ ಐದು ಗುಣಗಳಿಗೆ ಹಂಚೋಕೆ 25 ಅಂಕ. ಒಂದು ಕೊರತೆ: ನೀವು ಆಡದ ಮನೆಗಳಲ್ಲಿ ಕಾಲ ನಿಂತೇ ಇರುತ್ತೆ, ಹಾಗಾಗಿ ಒಬ್ಬಳ ಕ್ಲಾಸ್‌ಮೇಟ್ ಮಗುವಾಗೇ ಉಳಿದಿರುವಾಗ ಅವಳು ಅಜ್ಜಿ ಆಗಿರ್ತಾಳೆ. ಪ್ರತಿ ಮನೆಯನ್ನೂ ನಾಲ್ಕೈದು ದಿನದಂತೆ ಸರದಿ ಮೇಲೆ ಆಡಿ, ಯಾವ ಮನೆ ಎಲ್ಲಿಗೆ ಬಂತು ಅಂತ ಬರೆದಿಟ್ಟುಕೊಳ್ಳಿ.

2009ರ ಸಿಮ್ಸ್ 3 ಆ ಕೊರತೆ ತುಂಬಿತು. ಇಡೀ ಊರು ಲೋಡಿಂಗ್ ಇಲ್ಲದೆ ತೆರೆದಿರುತ್ತೆ, ಅಕ್ಕಪಕ್ಕದವರು ತಾವೇ ಮದುವೆಯಾಗ್ತಾರೆ, ಕೆಲಸ ಬದಲಿಸ್ತಾರೆ. ದೊಡ್ಡವರಿಗೆ ಐದು ಟ್ರೇಟ್ (ಸ್ವಭಾವದ ಲಕ್ಷಣ). ಆದರೆ ಇದೇ ಊರಿನ ಭಾರಕ್ಕೆ ಆಟ ಕುಗ್ಗುತ್ತೆ ಕೂಡ. ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡ್‌ಗೆ ಹೋಗಿ ರ‍್ಯಾಮ್ 16 ಜಿಬಿ ಮಾಡಿಸಿದರೂ ಪ್ರಯೋಜನ ಇಲ್ಲ: ವಿಂಡೋಸ್ ಆವೃತ್ತಿ 32-ಬಿಟ್, 4 ಜಿಬಿಗಿಂತ ಹೆಚ್ಚು ರ‍್ಯಾಮ್ ಬಳಸೋಕಾಗಲ್ಲ. ಅದರ ಹತ್ತಿರ ಹೋದಾಗ ಸೇವ್ ಮಾಡಿದರೆ ‘ಎರರ್ 12’ ಬಂದು ಸೇವ್ ಆಗಲ್ಲ. ಡಾಕ್ಯುಮೆಂಟ್ಸ್ ಒಳಗಿನ ಸಿಮ್ಸ್ 3 ಫೋಲ್ಡರ್‌ನಲ್ಲಿ ‘ಕ್ಯಾಶ್ ಡಾಟ್ ಪ್ಯಾಕೇಜ್’ (Cache.package) ಅಂತ ಮುಗಿಯೋ ಐದು ಫೈಲುಗಳನ್ನು ಆಗಾಗ ಅಳಿಸಿ, ಆಟ ಮತ್ತೆ ಮಾಡಿಕೊಳ್ಳುತ್ತೆ. ಹಳೇ ಸೇವ್ ಮೇಲೇ ಬರೆಯದೆ, ‘ಸೇವ್ ಆಸ್’ ಬಳಸಿ ಬೇರೆ ಹೆಸರಲ್ಲಿ ಉಳಿಸಿ. ಫ್ರೇಮ್ ರೇಟ್‌ಗೆ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದಕ್ಕೆ) ಆಟದಲ್ಲಿ ಮಿತಿ ಇಲ್ಲ, ಲ್ಯಾಪ್‌ಟಾಪ್ ಬಿಸಿಯಾಗುತ್ತೆ. ಗ್ರಾಫಿಕ್ಸ್ ಡ್ರೈವರ್‌ನಲ್ಲಿ 60ಕ್ಕೆ ಕಟ್ಟಿಹಾಕಿ.

ಸಿಮ್ಸ್ 4ರ ತೊಂದರೆ ಭಾವನೆಗಳ ಲೆಕ್ಕದಲ್ಲಿದೆ. ಆಗೋ ಘಟನೆ, ಸುತ್ತಲಿನ ವಸ್ತುಗಳಿಂದ ಸಿಮ್‌ಗೆ ಬರೋ ಚಿಕ್ಕ ಚಿಕ್ಕ ಭಾವನೆಗಳೇ ಮೂಡ್‌ಲೆಟ್. ಅವುಗಳ ಅಂಕ ಕೂಡಿ, ಹೆಚ್ಚು ಬಂದ ಭಾವನೆ ಗೆಲ್ಲುತ್ತೆ. ದುಬಾರಿ ಸೋಫಾ, ಪೇಂಟಿಂಗ್ ತುಂಬಿದ ಹಾಲ್‌ನಲ್ಲಿ ಸುಮ್ಮನೆ ಕೂತರೂ ಖುಷಿ ಬರುತ್ತೆ, ಜಗಳದ ಕೋಪ ಅಡಗಿಹೋಗುತ್ತೆ. ಟ್ರೇಟ್‌ಗಳೂ ಮೂರೇ. ಹಾಗಾಗಿ ಅಗ್ಗದ ಸಾಮಾನು ಹಾಕಿ. ಅಲಂಕಾರದ ವಸ್ತುವನ್ನು ಕ್ಲಿಕ್ ಮಾಡಿದಾಗ ಎಮೋಷನಲ್ ಔರಾ (ಹತ್ತಿರದ ಸಿಮ್‌ಗಳಲ್ಲಿ ಭಾವನೆ ಹುಟ್ಟಿಸೋ ಗುಣ) ಅಂತ ಕಂಡರೆ ಅದನ್ನು ಆಫ್ ಮಾಡಿ. 2022ರ ಜುಲೈನಲ್ಲಿ ಬಂದ ವಾಂಟ್ಸ್ ಅಂಡ್ ಫಿಯರ್ಸ್ (ಸಿಮ್ಸ್ 2ರ ಥರದ ಆಸೆ, ಭಯಗಳು) ಆನ್ ಇದೆಯಾ ನೋಡಿ. ಹಾಟ್-ಹೆಡೆಡ್, ಗ್ಲೂಮಿ, ಎರಾಟಿಕ್ ಥರದ, ತಾವಾಗೇ ಮನಸ್ಸು ಕದಡೋ ಟ್ರೇಟ್‌ಗಳನ್ನು ಆರಿಸಿ.

ಮನೆಯನ್ನೂ ಚಿಕ್ಕದಾಗಿ ಕಟ್ಟಿ. ಆಟದ ಒಂದು ಚೌಕ ಮೂರು ಅಡಿ ಅಂತ ಹಿಡಿದರೆ ನಮ್ಮ ಬೆಂಗಳೂರಿನ 30×40 ಸೈಟು ಸುಮಾರು 10×13 ಚೌಕ, ಆಟದ 20×15 ಚೌಕದ ಲಾಟ್‌ನಲ್ಲಿ (ಸೈಟಿನಲ್ಲಿ) ಆರಾಮಾಗಿ ಕೂರುತ್ತೆ. ಅಷ್ಟರಲ್ಲಿ ಆರು ಜನ, ಒಂದೇ ಬಾತ್‌ರೂಮ್ ಇಡಿ. ಬೆಳಗ್ಗೆ ಎಲ್ಲರಿಗೂ ಒಟ್ಟಿಗೆ ಆಫೀಸು, ಸ್ಕೂಲು. ಬಾಗಿಲ ಮುಂದೆ ಕಾಯುತ್ತಾ ನಿಂತವರಲ್ಲಿ ಯಾರಿಗೆ ತಡವಾಗುತ್ತೆ, ಯಾರ ಮೂಡ್ ಕೆಡುತ್ತೆ ಅನ್ನೋದು ದಿನಕ್ಕೊಂದು ಥರ.