ದೀಪಾವಳಿ ಉಂಡ ಹೊಟ್ಟೆಗೆ ಹನ್ನೊಂದು ದಿನ: ಬಿದಿಗೆಯಿಂದ ದ್ವಾದಶಿವರೆಗಿನ ದಾಖಲೆ

ನರಕ ಚತುರ್ದಶಿಯ ಬೆಳಿಗ್ಗೆ ಶುರುವಾದ ಹೋಳಿಗೆ, ಕಜ್ಜಾಯ, ಚಿರೋಟಿ, ಚಕ್ಕುಲಿ ಬಲಿಪಾಡ್ಯಮಿಯ ರಾತ್ರಿಗೆ ನಿಂತವು. ಬಿದಿಗೆಯ ಬೆಳಗಿನ ಸ್ಥಿತಿ: ಹೊಟ್ಟೆ ಕಲ್ಲಿನ ಹಾಗೆ, ನಾಲಗೆ ಮೇಲೆ ಬಿಳಿ ಪದರ, ಬೆರಳಿಗೆ ಉಂಗುರ ಬಿಗಿ. ದಾಖಲೆ ಅಲ್ಲಿಂದ ಮುಂದಿನದು. ಅಳತೆಗಳೆಲ್ಲ ನಾಲ್ಕು ಜನಕ್ಕೆ. ಲೋಟ ಅಂದರೆ 200 ಮಿಲಿ, ಚಮಚ ಅಂದರೆ ಟೀ ಚಮಚ.

ಗುರಿ ಒಂದೇ, ಹಸಿವು ವಾಪಸ್ ಬರಬೇಕು. ತೂಕದ ಯಂತ್ರ ಮಂಚದ ಕೆಳಗೆ ಹೋಯಿತು. ದೇಹ ಕೂಡಿಡುವ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಗ್ರಾಂಗೆ ಸುಮಾರು 3 ಗ್ರಾಂ ನೀರನ್ನು ಜೊತೆಗೆ ಹಿಡಿದುಕೊಳ್ಳುತ್ತದೆ. ಚಕ್ಕುಲಿ, ಹಪ್ಪಳದ ಉಪ್ಪು ಇನ್ನಷ್ಟು ನೀರು ಕಟ್ಟುತ್ತದೆ. ಹಬ್ಬದಲ್ಲಿ ದಿಢೀರನೆ ಏರಿದ ತೂಕದ ಬಹುಪಾಲು ಈ ನೀರೇ, ಆಮೇಲೆ ದಿಢೀರನೆ ಇಳಿಯುವುದೂ ಇದೇ. ಮೂರು ದಿನದ 'ಡಿಟಾಕ್ಸ್' ಜ್ಯೂಸಿನ ಚಮತ್ಕಾರದ ಗುಟ್ಟು ಇಷ್ಟೇ. ಕಲ್ಮಶ ತೆಗೆಯುವ ಕೆಲಸವನ್ನು ಯಕೃತ್ತು, ಮೂತ್ರಪಿಂಡಗಳು ಹಬ್ಬದ ದಿನವೂ ರಜೆ ಹಾಕದೆ ಮಾಡಿವೆ. ಅವುಗಳ ತಲೆ ಮೇಲೆ ಹೊಸ ಹೊರೆ ಹೊರಿಸದಿದ್ದರೆ ಸಾಕು.

ಪುಸ್ತಕದಲ್ಲಿ ದಿನಾ ಬರೆಯುವುದು ಮೂರೇ: ನಿಜವಾದ ಹಸಿವು ಎಷ್ಟು ಗಂಟೆಗೆ ಬಂತು, ಬೆಳಿಗ್ಗೆ ನಾಲಗೆ ಹೇಗಿತ್ತು, ರಾತ್ರಿ ಎಷ್ಟು ಸಲ ಎಚ್ಚರವಾಯಿತು. ಹಸಿವೋ ಚಪಲವೋ ಎಂಬ ಅನುಮಾನ ಬಂದರೆ ಬರೀ ಅನ್ನ, ತಿಳಿಸಾರನ್ನು ನೆನೆಸಿಕೊಳ್ಳುವುದು. ಅದನ್ನೂ ಉಣ್ಣಬೇಕು ಅನ್ನಿಸಿದರೆ ಹಸಿವು. ಮೈಸೂರು ಪಾಕೇ ಬೇಕು ಅನ್ನಿಸಿದರೆ ಚಪಲ.

ಬಿದಿಗೆ

ಬೆಳಿಗ್ಗೆ ಜೀರಿಗೆ ನೀರು ಮಾತ್ರ. ಒಂದು ಲೀಟರ್ ನೀರಿಗೆ ಒಂದು ಚಮಚ ಜೀರಿಗೆ, ಐದು ನಿಮಿಷ ಕುದಿ, ಸೋಸಿ ಫ್ಲಾಸ್ಕಿಗೆ. ಗುಟುಕು ಗುಟುಕಾಗಿ ಕುಡಿಯಬೇಕು, ಗಟಗಟನೆ ಲೋಟ ಖಾಲಿ ಮಾಡಿದರೆ ಉಬ್ಬರ ಹೆಚ್ಚುತ್ತದೆ. ಹಸಿವು ಬಂದದ್ದು ಹನ್ನೊಂದೂವರೆಗೆ. ಅಲ್ಲಿವರೆಗೆ ಕಾದದ್ದು ಉಪವಾಸದ ಹಠಕ್ಕಲ್ಲ, ಒಳಗಿದ್ದದ್ದು ಇನ್ನೂ ಕರಗಿರಲಿಲ್ಲ.

ಮೊದಲ ಗಂಜಿ ತೀರ ತೆಳು: ಅರ್ಧ ಲೋಟ ನುಚ್ಚಕ್ಕಿಗೆ ಏಳು ಲೋಟ ನೀರು, ಅಂದರೆ ಒಂದಕ್ಕೆ ಹದಿನಾಲ್ಕು. ಆಯುರ್ವೇದದಲ್ಲಿ ಪಂಚಕರ್ಮ ಎಂಬ ದೇಹಶುದ್ಧಿಯ ಚಿಕಿತ್ಸೆಯಾದ ಮೇಲೆ ಪೇಯ (ತೆಳುಗಂಜಿ), ವಿಲೇಪಿ (ಗಟ್ಟಿಗಂಜಿ), ಯೂಷ (ಬೇಳೆಯ ಸಾರು) ಎಂದು ತೆಳುವಿನಿಂದ ಗಟ್ಟಿಗೆ ಏರಿಸುವ ಸಂಸರ್ಜನ ಕ್ರಮ ಇದೆ. ಇಲ್ಲಿ ಎರವಲು ಪಡೆದದ್ದು ಆ ಏಣಿಯನ್ನು ಮಾತ್ರ, ಚಿಕಿತ್ಸೆಯನ್ನಲ್ಲ. ಮೆಟ್ಟಿಲು ಏರುವುದು ತಾರೀಖು ನೋಡಿ ಅಲ್ಲ, ಹಸಿವು ನೋಡಿ. ಹಸಿವು ಬಾರದಿದ್ದರೆ ನಾಳೆಯೂ ಅದೇ ಮೆಟ್ಟಿಲು.

ಮೊದಲ ಎಡವಟ್ಟು ಇಲ್ಲೇ. ಮೂರು ಲೀಟರಿನ ಕುಕ್ಕರಿನಲ್ಲಿ ಇಟ್ಟದ್ದರಿಂದ ನೊರೆ ಏರಿ ವಿಷಲ್ ಕಟ್ಟಿ, ಒಲೆಯೆಲ್ಲ ಗಂಜಿ. ಪಿಷ್ಟದ ನೊರೆ ಉಗಿಯ ಕಂಡಿಗೆ ಸಿಕ್ಕಿಕೊಳ್ಳುವುದು ಗಲೀಜಿನ ಪ್ರಶ್ನೆಯಷ್ಟೇ ಅಲ್ಲ, ಅಪಾಯ. ಗಂಜಿಗೆ ಕುಕ್ಕರ್ ಅರ್ಧ ದಾಟಬಾರದು, ಅರ್ಧ ಚಮಚ ತುಪ್ಪ ಬಿಟ್ಟರೆ ನೊರೆ ಕುಗ್ಗುತ್ತದೆ. ಅದಕ್ಕಿಂತ ಒಳ್ಳೆಯದು ಅಗಲ ಬಾಯಿಯ ಪಾತ್ರೆ, ಸಣ್ಣ ಉರಿ, 35-40 ನಿಮಿಷ. ಹೆಬ್ಬೆರಳು-ತೋರುಬೆರಳ ನಡುವೆ ಒಂದು ಅಗುಳು ಹಿಸುಕಿ ನೋಡಬೇಕು. ನಡುವೆ ಬಿಳಿ ಚುಕ್ಕೆಯ ಹಾಗೆ ಗಟ್ಟಿ ಸಿಕ್ಕರೆ ಇನ್ನೂ ಆಗಿಲ್ಲ. ಆರುತ್ತ ಆರುತ್ತ ಗಂಜಿ ಅಂಟಿನಂತಾಗುತ್ತದೆ. ಆಗ ಬೆರೆಸಬೇಕಾದ್ದು ಬಿಸಿನೀರು, ಬಿಸಿ ಗಂಜಿಗೆ ಮಜ್ಜಿಗೆ ಸುರಿದರೆ ಒಡೆಯುತ್ತದೆ.

ಜೊತೆಗೆ ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ. ಮಿಡಿ ಉಪ್ಪಿನಕಾಯಿ ಇಲ್ಲದ ಗಂಜಿ ಗಂಜಿಯೇ ಅಲ್ಲ ಎನ್ನುವ ಮಲೆನಾಡಿನವರ ತಕರಾರು ನ್ಯಾಯವಾದದ್ದೇ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ ಉಪ್ಪು 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಮಚವೂ ತುಂಬುವುದಿಲ್ಲ. ಉಂಗುರ ಸಡಿಲವಾಗುವವರೆಗೆ ಭರಣಿ ಮೇಲಿನ ಅಟ್ಟದಲ್ಲೇ ಇರಲಿ.

ಸಕ್ಕರೆ ಕಾಯಿಲೆ ಇರುವವರಿಗೆ ಈ ದಿನದ ಕ್ರಮ ಬೇಡ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆ ತೆಗೆದುಕೊಂಡು ಊಟ ಮುಂದೂಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಆಮೇಲೆ ಕುಡಿದ ತೆಳು ಅಕ್ಕಿಗಂಜಿ ಅದನ್ನು ಸರ್ರನೆ ಏರಿಸುತ್ತದೆ. ಅವರಿಗೆ ಎಂದಿನ ಹೊತ್ತಿಗೇ ಹೆಸರುಬೇಳೆ, ಬೇಯಿಸಿದ ಸೋರೆಕಾಯಿ, ಸ್ವಲ್ಪ ಅನ್ನ. ಗರ್ಭಿಣಿಯರು, ಮೂತ್ರಪಿಂಡದ ತೊಂದರೆಯವರು ತಮ್ಮ ವೈದ್ಯರ ಮಾತಿನಂತೆ.

ಇನ್ನೊಂದು ಮಾತು. ಎದೆ ಒತ್ತಿದಂತಾಗಿ ಎಡಗೈ, ದವಡೆಗೆ ಹರಿದರೆ, ಬೆವರಿದರೆ ಅದನ್ನು 'ಗ್ಯಾಸ್' ಎಂದು ಸೋಡಾ ಕುಡಿದು ಕಾಯಬಾರದು. ಜಿಡ್ಡಿನೂಟವಾದ ಮೇಲೆ ಬಲ ಪಕ್ಕೆಲುಬಿನ ಕೆಳಗೆ ಬಿಗಿಹಿಡಿದ ನೋವು, ಬೆನ್ನಿಗೆ ತೂರುವ ನೋವಿನೊಂದಿಗೆ ವಾಂತಿ, ಕಪ್ಪು ಮಲ, ಇವು ಯಾವುದೂ ಗಂಜಿಯ ಕೆಲಸವಲ್ಲ, ನೇರ ಆಸ್ಪತ್ರೆ.

ಹರಳೆಣ್ಣೆ ಕುಡಿದು ಹೊಟ್ಟೆ ತೊಳೆಯುವ ಪ್ರಸ್ತಾಪ ಬಂತು, ಕೈಬಿಡಲಾಯಿತು. ಭೇದಿಯಲ್ಲಿ ನೀರು, ಪೊಟ್ಯಾಸಿಯಂ ಹೋಗುತ್ತವೆ, ತಿಂದ ಹೋಳಿಗೆ ಹೋಗುವುದಿಲ್ಲ.

ತದಿಗೆ

ಭಾವನ ಬಿದಿಗೆ, ಅಕ್ಕನ ತದಿಗೆ. ಅಂದರೆ ಊಟದ ಕರೆ. ಅಕ್ಕನ ಮನೆಯಲ್ಲಿ ಎಲೆ ಮುಂದೆ ಕೂತು 'ನನಗೆ ಪಥ್ಯ' ಎನ್ನುವುದಕ್ಕಿಂತ ಒಂದು ಹೋಳಿಗೆ ತಿಂದು ಬರುವುದು ಮೇಲು. ಕ್ರಮ ಹೀಗಿತ್ತು: ಬೆಳಿಗ್ಗೆ ತೆಳುಗಂಜಿ, ಮಧ್ಯಾಹ್ನ ಊಟ (ಕರಿದದ್ದು ಬಿಟ್ಟು, ಹೋಳಿಗೆ ಒಂದೇ), ಕೈತೊಳೆದ ಕೂಡಲೇ 15 ನಿಮಿಷ ನಿಧಾನ ನಡಿಗೆ, ರಾತ್ರಿ ಜೀರಿಗೆ ನೀರು. ಉಂಡ ಮೇಲಿನ ನಡಿಗೆಯಲ್ಲಿ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುವುದರಿಂದ ಏರಿಕೆ ತಗ್ಗುತ್ತದೆ. ಅದಕ್ಕೇ ಸಂಜೆಯ ಒಂದು ಗಂಟೆ ವಾಕಿಂಗಿಗಿಂತ ಈ ಹದಿನೈದು ನಿಮಿಷಕ್ಕೆ ಇಲ್ಲಿ ಹೆಚ್ಚು ಬೆಲೆ.

ಚೌತಿ

ನಿನ್ನೆಯ ಊಟಕ್ಕೆ ಒಂದು ಮೆಟ್ಟಿಲು ಕೆಳಗೆ. ಹಸಿವು ಹತ್ತು ಗಂಟೆಗೆ. ಮಧ್ಯಾಹ್ನ ಗಂಜಿ ಒಂದಕ್ಕೆ ಎಂಟು, ಜೊತೆಗೆ ಹೆಸರುಬೇಳೆ ತಿಳಿ: ಅರ್ಧ ಲೋಟ ಬೇಳೆ, ಐದು ಲೋಟ ನೀರು, ಅರಿಶಿನ. ಬೆಂದ ಮೇಲೆ ಕಡೆಯದೆ ಮೇಲಿನ ಕಟ್ಟು ಮಾತ್ರ ಬಸಿದು, ಜಜ್ಜಿದ ಜೀರಿಗೆ ಒಂದು ಚಮಚ, ನಾಲ್ಕು ಮೆಣಸಿನ ಕಾಳು, ತುಪ್ಪದಲ್ಲಿ ಇಂಗಿನ ಒಗ್ಗರಣೆ. ನಿಂಬೆ ಹಿಂಡುವುದು ಒಲೆ ಆರಿಸಿದ ಮೇಲೆ, ಕುದಿಯುವಾಗ ಹಿಂಡಿದರೆ ಕಹಿ. ಹಬ್ಬದ ಹೋಳಿಗೆಸಾರಿಗೂ ಇಂಥದೇ ಕಟ್ಟು ಆಧಾರ. ಅದಕ್ಕೆ ಹೂರಣ, ಕಾಯಿ, ಹುಣಸೆಹಣ್ಣು ಸೇರಿದಾಗ ಭಾರವಾಗುತ್ತದೆ ಅಷ್ಟೇ.

ಒಬ್ಬರಿಗೆ ಖಾರವಾದ ಮೆಣಸಿನಸಾರೇ ಬೇಕಿತ್ತು. ಕುಡಿದ ಅರ್ಧ ಗಂಟೆಗೆ ಎದೆಯುರಿ. ನೆಗಡಿಗೆ ಮೆಣಸು, ಹುಣಸೆ ಸೈ. ಹುಳಿತೇಗು ಇರುವ ಹೊಟ್ಟೆಗೆ ಜೀರಿಗೆಯೇ ಸರಿ.

ಪಂಚಮಿ

ನಾಲಗೆಯ ಪದರ ಹಿಂಭಾಗಕ್ಕೆ ಸರಿದಿದೆ, ಉಂಗುರ ತಿರುಗುತ್ತಿದೆ. ಮೆತ್ತಗಿನ ಅನ್ನಕ್ಕೆ ಬಡ್ತಿ, ಜೊತೆಗೆ ದೊಡ್ಡಪತ್ರೆ ತಂಬುಳಿ.

ಎಲೆ ಹದಿನೈದು. ಅರ್ಧ ಚಮಚ ತುಪ್ಪದಲ್ಲಿ ಒಂದು ಚಮಚ ಜೀರಿಗೆ, ಐದು ಕಾಳುಮೆಣಸು ಸಿಡಿಸಿ, ಎಲೆ ಹಾಕಿ ಬಾಡಿಸಬೇಕು. ದಪ್ಪ ಎಲೆ ಮೊದಲು ನೀರು ಬಿಟ್ಟುಕೊಂಡು ಚುರ್ ಎನ್ನುತ್ತದೆ, ಸದ್ದು ನಿಂತು ಎಲೆ ಮುದುಡಿ ಬಣ್ಣ ಮಾಸಿದಾಗ ಇಳಿಸುವುದು. ಹಸಿಯಾಗಿ ಅರೆದರೆ ಗಂಟಲಿಗೆ ಕಾರುತ್ತದೆ. ಪೂರ್ತಿ ಆರಿದ ಮೇಲೆ ಮೂರು ದೊಡ್ಡ ಚಮಚ ಕಾಯಿತುರಿಯೊಂದಿಗೆ ನುಣ್ಣಗೆ ಅರೆದು, ಎರಡು ಲೋಟ ಹುಳಿಯಿಲ್ಲದ ಕಡೆದ ಮಜ್ಜಿಗೆಗೆ ಬೆರೆಸಬೇಕು. ಬಿಸಿಯಲ್ಲೇ ಮಿಕ್ಸಿಗೆ ಹಾಕಿದರೆ ಮುಚ್ಚಳ ಹಾರುತ್ತದೆ. ತಣ್ಣಗಿದೆ ಎಂದು ಒಲೆ ಮೇಲಿಟ್ಟರೆ ಒಡೆದು ನೀರು ಬೇರೆ, ಗಸಿ ಬೇರೆ. ಕಾಯಿ ಒಂದು ಹಿಡಿ ಹೆಚ್ಚಾದರೆ ಅದು ತಂಬುಳಿಯಲ್ಲ, ಮಜ್ಜಿಗೆಹುಳಿಯ ಹಾದಿ ಹಿಡಿಯುತ್ತದೆ.

ಒಂದೆಲಗದ ತಂಬುಳಿಗೆ ಎಲೆ ಹಸಿಯೇ ನಡೆಯುತ್ತದೆ. ಆದರೆ ಅದು ಬೆಳೆಯುವುದೇ ತೇವದ ಜಾಗದಲ್ಲಿ, ಪೇಟೆಯಲ್ಲಿ ತೇವದ ಜಾಗ ಎಂದರೆ ಬಹಳ ಸಲ ಚರಂಡಿಯ ಅಂಚು. ಕುಂಡದಲ್ಲಿ ಬೆಳೆದದ್ದಾದರೆ ಮಾತ್ರ ಹಸಿ ತಿನ್ನುವ ಧೈರ್ಯ ಮಾಡಬಹುದು.

ಷಷ್ಠಿ

ಎಣ್ಣೆಸ್ನಾನವನ್ನು ಇಲ್ಲಿವರೆಗೆ ಮುಂದೂಡಿದ್ದಕ್ಕೆ ಕಾರಣವಿದೆ. ಅಜೀರ್ಣವಿದ್ದಾಗ ಅಭ್ಯಂಗ ವರ್ಜ್ಯ ಎಂಬುದು ಆಯುರ್ವೇದದ ಹಳೆಯ ನಿಯಮ. ಹಬ್ಬದ ಮರುದಿನ ಮೈಭಾರಕ್ಕೆಂದು ಎಣ್ಣೆ ಹಚ್ಚಿ ಕೂರುವವರೇ ಜಾಸ್ತಿ, ಆಮೇಲೆ ಮತ್ತಷ್ಟು ಜಡ ಎಂದು ದೂರುವವರೂ ಅವರೇ.

ಬೆಳಿಗ್ಗೆ ಖಾಲಿ ಹೊಟ್ಟೆ. ತಲೆಗೆ, ಮೈಗೆ ಸೇರಿ ಒಬ್ಬರಿಗೆ 40 ಮಿಲಿ ಎಳ್ಳೆಣ್ಣೆ, ಬಿಸಿನೀರಿನ ಬೋಗುಣಿಯಲ್ಲಿ ಬಟ್ಟಲಿಟ್ಟು ಬೆಚ್ಚಗೆ ಮಾಡಿದ್ದು. ಕೈಕಾಲಿಗೆ ಉದ್ದಕ್ಕೆ, ಗಿಣ್ಣುಗಳಿಗೆ ಸುತ್ತ, ಹೊಟ್ಟೆಗೆ ಹೊಕ್ಕುಳ ಸುತ್ತ ಗಡಿಯಾರದ ದಿಕ್ಕಿನಲ್ಲಿ ಹಗುರವಾಗಿ, ದೊಡ್ಡ ಕರುಳು ಸಾಗುವ ದಿಕ್ಕೂ ಅದೇ. ಇಪ್ಪತ್ತು ನಿಮಿಷ ಸಾಕು. ತಲೆಗೆ ಸೀಗೆಪುಡಿ, ಮೈಗೆ ಕಡಲೆಹಿಟ್ಟು. ಹಂಡೆಯ ಸುಡುನೀರು ತಲೆಗೆ ಸುರಿದುಕೊಂಡು ಎದ್ದರೆ ಕಣ್ಣು ಕತ್ತಲಿಡುತ್ತದೆ, ಬಿಸಿಗೆ ರಕ್ತನಾಳ ಹಿಗ್ಗಿ ರಕ್ತದೊತ್ತಡ ಇಳಿದಿರುತ್ತದೆ. ವಯಸ್ಸಾದವರಿಗೆ ಸ್ಟೂಲು, ಉಗುರುಬೆಚ್ಚನೆ ನೀರು. ಬಚ್ಚಲಿನ ನೆಲಕ್ಕೆ ಸೀಗೆಪುಡಿ ಹಾಕಿ ಉಜ್ಜಿದ ಮೇಲೆಯೇ ಇನ್ನೊಬ್ಬರು ಒಳಗೆ ಕಾಲಿಡಬೇಕು.

ಆ ರಾತ್ರಿಯ ದಾಖಲೆ: ಎಚ್ಚರ ಸೊನ್ನೆ.

ಸಪ್ತಮಿ, ಅಷ್ಟಮಿ

ಹೊಟ್ಟೆ ದಾರಿಗೆ ಬಂದಿದೆ, ತಲೆ ಬಂದಿಲ್ಲ. ಹಬ್ಬದಲ್ಲಿ ನಾಲ್ಕೈದಕ್ಕೆ ಏರಿದ್ದ ಕಾಫಿ ಈಗ ಸಮಸ್ಯೆ. ಕೆಫೀನಿನ ಅರ್ಧ ಭಾಗ ಕರಗಲು ಸುಮಾರು ಐದು ಗಂಟೆ ಬೇಕು. ಸಂಜೆ ಐದರ ಕಾಫಿಯ ಅರ್ಧ ರಾತ್ರಿ ಹತ್ತಕ್ಕೂ ಮೈಯಲ್ಲಿರುತ್ತದೆ. ಒಮ್ಮೆಲೇ ಬಿಟ್ಟವರಿಗೆ ಮರುದಿನ ತಲೆ ಸಿಡಿಯಿತು. ತಿದ್ದುಪಡಿ: ಬೆಳಿಗ್ಗೆ ಒಂದು ಪೂರ್ತಿ, ಹನ್ನೊಂದಕ್ಕೆ ಅರ್ಧ ಡಿಕಾಕ್ಷನ್, ಮಧ್ಯಾಹ್ನ ಎರಡರ ಮೇಲೆ ಇಲ್ಲ.

ರಾತ್ರಿ ಊಟ ಏಳೂವರೆಗೆ, ಮಲಗುವುದು ಹತ್ತೂವರೆಗೆ. ಮಲಗುವ ಮೊದಲು ಹತ್ತು ನಿಮಿಷ ಉಸಿರು: ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ, ನಿಮಿಷಕ್ಕೆ ಆರು. ಕುಂಭಕ, ಅಂದರೆ ಉಸಿರು ಹಿಡಿದಿಡುವುದು, ಬೇಡ. ತಲೆ ಹಗುರಾಗಿ ತೇಲಿದಂತಾದರೆ ಉಸಿರನ್ನು ಬಲವಾಗಿ ಎಳೆಯುತ್ತಿದ್ದೀರಿ ಎಂದರ್ಥ. ಉಸಿರು ಸಣ್ಣದಾಗಬೇಕು, ಎಣಿಕೆ ಉದ್ದವಾಗಬಾರದು. ಮಂಡಿ ನೋವಿಲ್ಲದವರು ಊಟದ ನಂತರ ಐದು ನಿಮಿಷ ವಜ್ರಾಸನ. ಹುಳಿತೇಗಿನವರು ಎಡ ಮಗ್ಗುಲಿಗೆ ಮಲಗಬೇಕು. ಎಡ ಮಗ್ಗುಲಲ್ಲಿ ಜಠರ ಅನ್ನನಾಳಕ್ಕಿಂತ ಕೆಳಗಿರುತ್ತದೆ.

ನವಮಿ, ದಶಮಿ

ಬೆಳಿಗ್ಗೆ ರಾಗಿ ಅಂಬಲಿ. ಹಿಟ್ಟು ನಾಲ್ಕು ದೊಡ್ಡ ಚಮಚ, ಮೊದಲು ಒಂದು ಲೋಟ ತಣ್ಣೀರಿನಲ್ಲಿ ಕದಡಿ ಆಮೇಲೆ ನಾಲ್ಕು ಲೋಟ ಕುದಿನೀರಿಗೆ. ನೇರ ಕುದಿನೀರಿಗೆ ಸುರಿದರೆ ಹಿಟ್ಟಿನ ಹೊರಗು ಬೆಂದು ಗಂಟಾಗಿ, ಒಳಗೆ ಒಣಹಿಟ್ಟು ಹಾಗೇ ಉಳಿಯುತ್ತದೆ. ಎಂಟು ನಿಮಿಷ ತಿರುವಿ, ಆರಿಸಿ, ಮಜ್ಜಿಗೆ ಬೆರೆಸಿ.

ಕೋಸಂಬರಿ ಪಂಚಮಿಗೇ ಇಟ್ಟಿದ್ದರೆ ಉಬ್ಬರಿಸುತ್ತಿತ್ತು, ದಶಮಿಗೆ ಸಲೀಸು. ಚಪಾತಿ, ಪಲ್ಯ, ಎಂದಿನ ಸಾರು ಎಲ್ಲ ವಾಪಸ್. ಈ ಎರಡು ದಿನ ಬರೆಯಲು ಇನ್ನೇನೂ ಇಲ್ಲ.

ಏಕಾದಶಿ, ದ್ವಾದಶಿ

ಉತ್ಥಾನ ಏಕಾದಶಿ. ಉಪವಾಸ ಎಂದು ಅವಲಕ್ಕಿ, ಉಪ್ಪಿಟ್ಟು, ಸಬ್ಬಕ್ಕಿ ಖಿಚಡಿ ಮೂರೂ ಆದರೆ ಅದು ಇನ್ನೊಂದು ಹಬ್ಬ. ಸಬ್ಬಕ್ಕಿ ಹೆಚ್ಚುಕಡಿಮೆ ಪೂರಾ ಪಿಷ್ಟ. ಇಲ್ಲಿ ನಡೆದದ್ದು ಹಣ್ಣು, ತೆಳು ಮಜ್ಜಿಗೆ, ಒಂದು ಹೊತ್ತು. ನಿರ್ಜಲದ ಹಟ ಯಾರೂ ಹಿಡಿಯಲಿಲ್ಲ.

ದ್ವಾದಶಿಯ ಪಾರಣೆಗೆ ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ. ಸಂಜೆ ತುಳಸಿ ಪೂಜೆಗೆ ನೆಲ್ಲಿಯ ಕೊಂಬೆ ಬೇಕೇ ಬೇಕು, ಅದರ ಜೊತೆಗೇ ಬೆಟ್ಟದ ನೆಲ್ಲಿಕಾಯಿಯೂ ಪೇಟೆಗೆ ಬರುತ್ತದೆ. ಮೂರು ಕಾಯಿಯ ಬೀಜ ತೆಗೆದು ಜೀರಿಗೆ, ಕಾಯಿತುರಿಯೊಂದಿಗೆ ಅರೆದದ್ದು. ನೆಲ್ಲಿಯೇ ಹುಳಿಯಾದ್ದರಿಂದ ಮಜ್ಜಿಗೆ ಸಿಹಿಯಾಗಿರಬೇಕು. ಅಗಸೆಯ ದಂಟು ಒಂದು ಕಡ್ಡಿ ಸೇರಿದರೂ ಪಲ್ಯ ನಾರುನಾರು, ಎಲೆ ಬಿಡಿಸಲು ಅರ್ಧ ಗಂಟೆ ಎತ್ತಿಡಬೇಕು.

ಪುಸ್ತಕದ ಕೊನೆಯ ಸಾಲು: ಹಸಿವು 7.40ಕ್ಕೆ, ನಾಲಗೆ ಶುಭ್ರ, ಎಚ್ಚರ ಒಂದು ಸಲ. ಡಬ್ಬಿಯ ತಳದಲ್ಲಿ ಉಳಿದ ಚಕ್ಕುಲಿ ಕಮಟು ವಾಸನೆ ಹೊಡೆದಿತ್ತು, ಬುಟ್ಟಿಗೆ ಹೋಯಿತು.