ಕಾಗೆ, ಕೋಳಿ, ಅನ್ನದ ಅಗುಳು: ಎಲ್‌ಸ್ಯಾಟ್ ತಯಾರಿಯ ಒಂಬತ್ತು ವಾರ

ಒಂದನೇ ವಾರ

ನಾನಿರೋದು ಒಹಾಯೋದ ಕೊಲಂಬಸ್‌ನಲ್ಲಿ. ಹಗಲು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ರಾತ್ರಿ ಊಟ ಆದಮೇಲೆ ಎರಡು ಗಂಟೆ ಎಲ್‌ಸ್ಯಾಟ್ ಓದು, ಅಂದರೆ ಅಮೆರಿಕದ ಲಾ ಸ್ಕೂಲ್ ಪ್ರವೇಶ ಪರೀಕ್ಷೆಗೆ. ಇಲ್ಲಿನ ಲಾ ಸ್ಕೂಲ್ ಸೇರಬೇಕು ಅನ್ನೋದು ನಾಲ್ಕು ವರ್ಷದ ಆಸೆ. ಈ ಜನವರಿಯಲ್ಲಿ ನಿಜವಾಗಿ ಕೂತಿದ್ದೇನೆ.

ಪರೀಕ್ಷೆ ಹೇಗಿರುತ್ತೆ ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ಒಟ್ಟು ನಾಲ್ಕು ಸೆಕ್ಷನ್, ಒಂದೊಂದಕ್ಕೂ 35 ನಿಮಿಷ. ಅದರಲ್ಲಿ ಒಂದಕ್ಕೆ ಅಂಕ ಲೆಕ್ಕವಿಲ್ಲ, ಆದರೆ ಯಾವುದು ಅಂತ ಬರೆಯುವಾಗ ಗೊತ್ತಾಗೋದಿಲ್ಲ. ಮೊದಲು ಲಾಜಿಕ್ ಗೇಮ್ಸ್ ಅಂತ ಒಂದು ಭಾಗ ಇತ್ತು. 2024ರ ಆಗಸ್ಟ್‌ನಿಂದ ಅದನ್ನು ತೆಗೆದುಹಾಕಿದ್ದಾರೆ. ಈಗ ಅಂಕ ಸಿಗುವ ಮೂರು ಸೆಕ್ಷನ್‌ನಲ್ಲಿ ಎರಡು ಲಾಜಿಕಲ್ ರೀಸನಿಂಗ್. ಅಂದರೆ ಯಾರೋ ಒಂದು ವಾದ ಮಾಡುತ್ತಾರೆ, ಅದರ ಮೇಲೆ ಒಂದು ಪ್ರಶ್ನೆ, ಐದು ಉತ್ತರ. ಒಂದು ಸೆಕ್ಷನ್‌ನಲ್ಲಿ ಇಂಥವು ಸುಮಾರು 25. ಒಂದು ಪ್ರಶ್ನೆಗೆ ಒಂದೂವರೆ ನಿಮಿಷವೂ ಸಿಗೋದಿಲ್ಲ.

ಮೊದಲ ಅಭ್ಯಾಸ ಪರೀಕ್ಷೆಯ ಎರಡು ಸೆಕ್ಷನ್ ಸೇರಿ 51 ಪ್ರಶ್ನೆ. 33 ಸರಿ, 18 ತಪ್ಪು. ಆ 18ರಲ್ಲಿ 7 ಒಂದೇ ಜಾತಿಯವು: ‘ಈ ವಾದದಲ್ಲಿ ಏನು ತಪ್ಪಿದೆ?’ ಅಂತ ಕೇಳುವ ಫ್ಲಾ ಪ್ರಶ್ನೆಗಳು.

ಏಳನ್ನೂ ಮತ್ತೆ ಓದಿದೆ. ಪ್ರತಿ ಸಲವೂ ಎಲ್ಲೋ ಏನೋ ಸರಿಯಿಲ್ಲ ಅಂತ ಮನಸ್ಸಿಗೆ ಅನಿಸಿತ್ತು. ಆದರೆ ಏನು ಅಂತ ಹೇಳೋಕೆ ಬಂದಿರಲಿಲ್ಲ. ಉತ್ತರಗಳ ಭಾಷೆಯೂ ಹಾಗೇ ಇರುತ್ತೆ. ‘ಒಂದು ಫಲ ಬರಲು ಬೇಕಾದ ಷರತ್ತನ್ನು, ಆ ಫಲಕ್ಕೆ ಅದೊಂದೇ ಸಾಕು ಎಂದು ತಿಳಿಯುತ್ತದೆ’ ಅನ್ನೋ ಥರ. ಮನೆಯಲ್ಲಿ ಯಾರೂ ಹೀಗೆ ಜಗಳ ಆಡೋದಿಲ್ಲ.

ಒಂದು 200 ಪುಟದ ನೋಟ್‌ಬುಕ್ ತಂದೆ. ತಪ್ಪಾದ ಪ್ರತಿ ಪ್ರಶ್ನೆಗೂ ಮೂರು ಸಾಲು, ಕನ್ನಡದಲ್ಲೇ: ಏನು ಹೇಳುತ್ತಿದ್ದಾರೆ, ಯಾಕೆ ಹೇಳುತ್ತಿದ್ದಾರೆ, ಎರಡರ ನಡುವೆ ಎಲ್ಲಿ ಬಿರುಕಿದೆ.

ಎರಡನೇ ವಾರ

ಈ ವಾರದ ಪಾಠ ಕಲಿಸಿದ್ದು ಅಮ್ಮ, ತಿಪಟೂರಿನಿಂದ, ಫೋನಿನಲ್ಲಿ.

ಮನೆ ಬಾಗಿಲಿಗೆ ಒಬ್ಬ ತುಪ್ಪ ಮಾರೋಕೆ ಬಂದಿದ್ದನಂತೆ. ಡಬ್ಬಿ ತೆಗೆದು, ‘ನೋಡಿ ಅಮ್ಮಾ, ಹೇಗೆ ಹರಳು ಹರಳಾಗಿದೆ, ಇದು ಅಸಲಿ ತುಪ್ಪಾನೇ’ ಅಂದನಂತೆ. ಅಮ್ಮ ತೆಗೆದುಕೊಳ್ಳಲಿಲ್ಲ. ‘ಒಳ್ಳೆ ತುಪ್ಪ ಹರಳು ಹರಳಾಗಿರುತ್ತೆ, ಸರಿ. ಹರಳಾಗಿರೋದೆಲ್ಲ ಒಳ್ಳೆ ತುಪ್ಪಾನಾ? ಬೆಳ್ಳಗಿರೋದೆಲ್ಲ ಹಾಲಲ್ಲ ಕಣೇ’ ಅಂದರು.

ಫೋನ್ ಇಟ್ಟ ಕೂಡಲೇ ನೋಟ್‌ಬುಕ್ ತೆಗೆದೆ. ಮೊದಲ ವಾರದ ಏಳು ತಪ್ಪಿನಲ್ಲಿ ಮೂರು ಇದೇ ತುಪ್ಪದ ಕಥೆ! ಒಂದು ಪುಟಕ್ಕೆ ‘ಹಾಲು’ ಅಂತ ಹೆಸರಿಟ್ಟು ಹೀಗೆ ಬರೆದೆ:

ಹಾಲಾದರೆ ಬಿಳಿ. ಇದು ಕೊಟ್ಟ ಮಾತು.
ಬಿಳಿಯಾದರೆ ಹಾಲು. ತಪ್ಪು, ಸುಣ್ಣದ ನೀರೂ ಬಿಳಿ.
ಹಾಲಲ್ಲದಿದ್ದರೆ ಬಿಳಿಯಲ್ಲ. ಇದೂ ತಪ್ಪು, ಅದೇ ಸುಣ್ಣದ ನೀರು.
ಬಿಳಿಯಲ್ಲದಿದ್ದರೆ ಹಾಲಲ್ಲ. ಇದೊಂದೇ ಸರಿ.

ಮೂರನೇ ಸಾಲು ನನಗೆ ಜಾಸ್ತಿ ಮೋಸ ಮಾಡುತ್ತಿತ್ತು. ಕೇಳೋಕೆ ನ್ಯಾಯವಾಗೇ ಇರುತ್ತೆ, ಅಲ್ವಾ?

ನಮ್ಮ ನ್ಯಾಯಶಾಸ್ತ್ರದವರಿಗೆ (ಕಾನೂನಿನವರಲ್ಲ, ತರ್ಕದವರು) ಇದು ಹಳೇ ವಿಷಯ. ತಪ್ಪು ಕಾರಣಗಳಿಗೆ ಅವರು ಹೇತ್ವಾಭಾಸ ಅಂತ ಹೆಸರಿಟ್ಟು ಐದು ಬಗೆ ಮಾಡಿದ್ದಾರೆ. ಬೆಟ್ಟದಲ್ಲಿ ಹೊಗೆ ಇದೆ, ಹಾಗಾಗಿ ಬೆಂಕಿ ಇದೆ. ಇದು ಸರಿ. ಬೆಂಕಿ ಇದೆ, ಹಾಗಾಗಿ ಹೊಗೆ ಇದೆ. ಇದು ತಪ್ಪು, ಯಾಕೆಂದರೆ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಈ ಕಬ್ಬಿಣದ ಗುಂಡನ್ನೂ ‘ಹಾಲು’ ಪುಟದಲ್ಲಿ ಬರೆದಿಟ್ಟಿದ್ದೇನೆ.

‘ಮಾತ್ರ’ ಅನ್ನೋ ಪದದ ಹತ್ತಿರ ಹುಷಾರಾಗಿರಬೇಕು. ‘ಟಿಕೆಟ್ ಇದ್ದರೆ ಮಾತ್ರ ಒಳಗೆ ಬಿಡ್ತಾರೆ’ ಅಂದರೆ ಟಿಕೆಟ್ ಇದ್ದವರನ್ನೆಲ್ಲ ಬಿಡ್ತಾರೆ ಅಂತಲ್ಲ. ಗೇಟು ಹಾಕಿದ ಮೇಲೆ ಹೋದರೆ ಟಿಕೆಟ್ ಕೈಯಲ್ಲೇ ಉಳಿಯುತ್ತೆ. ಇಂಗ್ಲಿಷ್‌ನಲ್ಲಿ ‘ಓನ್ಲಿ ಇಫ್’ ಅಂತ ಓದುವಾಗ ತಲೆ ಉಲ್ಟಾ ಹೊಡೆಯುತ್ತಿತ್ತು. ಕನ್ನಡದಲ್ಲಿ ಟಿಕೆಟ್ ನೆನೆಸಿಕೊಂಡರೆ ತಕ್ಷಣ ನೇರ ಆಗುತ್ತೆ.

ನಾಲ್ಕನೇ ವಾರ

ಮೂರನೇ ವಾರ ಆಫೀಸಿನಲ್ಲಿ ರಿಲೀಸ್ ಇತ್ತು, ಓದಿದ್ದು ಕಡಿಮೆ. ಈ ವಾರ ಕಾರಣದ ತಪ್ಪುಗಳು.

ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯಿತು ಅಂತೀವಲ್ಲ, ಅದು ಎಲ್ಲರಿಗೂ ಗೊತ್ತು. ನಾನೂ ಮೊದಲು ಎಲ್ಲದಕ್ಕೂ ‘ಕಾಗೆ’ ಅಂತ ಬರೆದು ಮುಂದೆ ಹೋಗುತ್ತಿದ್ದೆ. ಆಮೇಲೆ ಗೊತ್ತಾಯಿತು, ಎಲ್‌ಸ್ಯಾಟ್‌ಗೆ ಅಷ್ಟು ಸಾಲದು. ಎರಡು ಸಂಗತಿ ಒಟ್ಟಿಗೆ ಕಂಡರೆ ಒಂದು ಇನ್ನೊಂದಕ್ಕೆ ಕಾರಣ ಅಂದುಬಿಡುತ್ತಾರೆ. ಅದು ತಪ್ಪಾಗುವ ದಾರಿ ಕನಿಷ್ಠ ಮೂರು. ಉತ್ತರಗಳಲ್ಲಿ ಅವನ್ನು ಬೇರೆ ಬೇರೆಯಾಗಿ ಇಟ್ಟಿರುತ್ತಾರೆ.

ನಾನೇ ಮಾಡಿಕೊಂಡ ಉದಾಹರಣೆ ಇದು. ‘ನಮ್ಮ ಬಡಾವಣೆಯಲ್ಲಿ ದಿನಾ ಬೆಳಗ್ಗೆ ವಾಕಿಂಗ್ ಹೋಗುವವರಿಗೆ ಮಂಡಿನೋವು ಕಡಿಮೆ. ಹಾಗಾಗಿ ವಾಕಿಂಗ್‌ನಿಂದ ಮಂಡಿನೋವು ಹೋಗುತ್ತೆ.’

ಒಂದು, ಅದು ಸುಮ್ನೆ ಹಾಗೆ ಕೂಡಿಬಂದಿರಬಹುದು. ಅದು ಕಾಗೆ.

ಎರಡು, ಕಾರಣ ತಿರುಗಿಮುರುಗಿ ಇರಬಹುದು. ಮಂಡಿ ನೋಯುವವರು ವಾಕಿಂಗ್‌ಗೆ ಬರೋದೇ ಇಲ್ಲವಲ್ಲ! ಇದಕ್ಕೆ ಮುದುಕಿಯ ಕೋಳಿ ಅಂತ ಹೆಸರಿಟ್ಟೆ. ತನ್ನ ಕೋಳಿ ಕೂಗೋದರಿಂದಲೇ ಊರಿಗೆ ಬೆಳಗಾಗುತ್ತೆ ಅಂದುಕೊಂಡಿದ್ದಳಲ್ಲ ಆ ಮುದುಕಿ. ಬೆಳಗಾಗುವ ಹೊತ್ತಾಯಿತು ಅಂತಲೇ ಕೋಳಿ ಕೂಗಿದ್ದು.

ಮೂರು, ಎರಡಕ್ಕೂ ಹಿಂದೆ ಬೇರೆ ಒಂದಿರಬಹುದು. ಬೆಳಗ್ಗೆ ಬರುವವರೆಲ್ಲ ಚಿಕ್ಕ ವಯಸ್ಸಿನವರೇ ಆಗಿದ್ದರೆ? ಇದಕ್ಕೆ ಗಾದೆ ಸಿಗಲಿಲ್ಲ. ‘ಕಪ್ಪೆ ಮತ್ತು ಕೊಡೆ’ ಅಂತ ನಾನೇ ಕಟ್ಟಿಕೊಂಡೆ. ಕಪ್ಪೆ ವಟಗುಟ್ಟಿದಾಗೆಲ್ಲ ಜನ ಕೊಡೆ ಬಿಚ್ಚುತ್ತಾರೆ. ಎರಡನ್ನೂ ಮಾಡಿಸಿದ್ದು ಮಳೆ.

ಕಾಗೆ, ಕೋಳಿ, ಕಪ್ಪೆ. ಈಗ ಕಾರಣದ ಪ್ರಶ್ನೆ ಬಂದರೆ ಮೂರನ್ನೂ ಸಾಲಾಗಿ ಕರೆದು ನೋಡುತ್ತೇನೆ. ಹತ್ತು ಸೆಕೆಂಡ್ ಸಾಕು.

ಐದನೇ ವಾರ

ಶನಿವಾರ ಹದಿನೆಂಟು ಜನ ಊಟಕ್ಕೆ ಬಂದಿದ್ದರು. ಕುಕ್ಕರ್ ಸಾಲದು ಅಂತ ದೊಡ್ಡ ಪಾತ್ರೆಯಲ್ಲಿ ಅನ್ನಕ್ಕಿಟ್ಟಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಸೌಟಿನಲ್ಲಿ ಮೇಲಿಂದ ಒಂದಗುಳು ತೆಗೆದು ಬೆರಳಲ್ಲಿ ಹಿಚುಕಿದೆ. ನಡುವೆ ಬಿಳಿ ಚುಕ್ಕೆಯಷ್ಟು ಗಟ್ಟಿ ಇತ್ತು. ಇನ್ನೂ ಬೇಯಲಿ ಅಂತ ಬಿಟ್ಟೆ. ಆಮೇಲೆ ತಳದಿಂದ ಕೈಯಾಡಿಸಿದರೆ ಕೆಳಗಿನದು ಆಗಲೇ ಮುದ್ದೆ ಆಗಿತ್ತು.

ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದಗುಳು ಸಾಕು ಅನ್ನೋದು ಸುಳ್ಳಲ್ಲ. ಆದರೆ ಆ ಮಾತು ನಡೆಯೋದು ಎಲ್ಲ ಅಗುಳಿಗೂ ಒಂದೇ ನೀರು, ಒಂದೇ ಬಿಸಿ ಸಿಕ್ಕಿದ್ದರೆ. ಇಲ್ಲದಿದ್ದರೆ ನೂರು ಅಗುಳು ಹಿಚುಕಿದರೂ ಎಲ್ಲ ಮೇಲಿನವೇ. ಸಮೀಕ್ಷೆಯ ಪ್ರಶ್ನೆಗಳಲ್ಲಿ ನಾನು ಬರೀ ಎಷ್ಟು ಜನರನ್ನು ಕೇಳಿದರು ಅಂತ ನೋಡುತ್ತಿದ್ದೆ. ನೋಡಬೇಕಾದ್ದು ಅವರನ್ನು ಪಾತ್ರೆಯ ಯಾವ ಜಾಗದಿಂದ ತೆಗೆದರು ಅಂತ. ದೂರು ಬರೆದು ಕಳಿಸಿದವರನ್ನು ಮಾತ್ರ ಎಣಿಸಿ ‘ಗ್ರಾಹಕರಿಗೆಲ್ಲ ಬೇಜಾರಾಗಿದೆ’ ಅಂದರೆ ಅದು ಬರೀ ತಳದ ಅನ್ನ.

ಅದೇ ಪುಟದ ಕೆಳಗೆ ಅಕ್ಕಿ ಮೂಟೆ ಬರೆದಿದ್ದೇನೆ. ಒಂದೊಂದು ಕಾಳೂ ಹಗುರ, ಹಾಗಾಗಿ ಮೂಟೆಯೂ ಹಗುರ ಅಂದರೆ 25 ಕೆಜಿ ಎತ್ತಿದವರು ಒಪ್ಪೋದಿಲ್ಲ. ಬಿಡಿಯ ಗುಣ ಇಡಿಗೆ ಬರಲೇಬೇಕು ಅಂತಿಲ್ಲ. ಈ ಬಗೆಯ ಪ್ರಶ್ನೆ ಅಪರೂಪ, ಬಂದರೆ ಸುಲಭ.

ಆರನೇ ವಾರ

ಅಂಕ ಇಳಿದಿದೆ. ಹೋದ ವಾರ 25ಕ್ಕೆ 20 ಬಂದಿತ್ತು, ಈ ವಾರ 16. ಎರಡು ದಿನ ನೋಟ್‌ಬುಕ್ ಮುಟ್ಟಲಿಲ್ಲ. ಆಮೇಲೆ ಒಂಬತ್ತು ತಪ್ಪನ್ನೂ ಕೂತು ಬಿಡಿಸಿದೆ. ಹೆಸರುಗಳು ಕೈಗೆ ಬಂದಿದ್ದೇ ತೊಂದರೆ ಆಗಿತ್ತು. ಎಲ್ಲಿ ನೋಡಿದರೂ ಕಾಗೆ, ಎಲ್ಲಿ ನೋಡಿದರೂ ಹಾಲು. ವಾದ ಪೂರ್ತಿ ಓದುವ ಮೊದಲೇ ಹೆಸರು ಹಚ್ಚುತ್ತಿದ್ದೆ.

ಒಂದನ್ನು ಇಲ್ಲಿ ಬಿಡಿಸಿ ತೋರಿಸುತ್ತೇನೆ. ಮಾತು ನನ್ನದು, ಎಲುಬು ಮಾತ್ರ ಆ ಥರದ್ದೇ.

‘ಊರಿಗೆ ಹೊಸ ಬಸ್ ಮಾರ್ಗ ಬೇಡ ಅನ್ನುವವರು ಕೊಡುವ ಕಾರಣ ಒಂದೇ, ಖರ್ಚು ಜಾಸ್ತಿ ಅಂತ. ಆ ಖರ್ಚಿನ ಲೆಕ್ಕ ತಪ್ಪು ಅಂತ ನಾವು ತೋರಿಸಿದ್ದೇವೆ. ಹಾಗಾಗಿ ಹೊಸ ಬಸ್ ಮಾರ್ಗ ಊರಿಗೆ ಬೇಕೇ ಬೇಕು.’

ಉತ್ತರಗಳಲ್ಲಿ ಒಂದು: ಎದುರಾಳಿಯ ಮಾತನ್ನು ಬಿಟ್ಟು ಎದುರಾಳಿಯ ನಡತೆಯನ್ನು ಹಳಿಯುತ್ತದೆ. ಇನ್ನೊಂದು: ಎರಡು ಸಂಗತಿ ಒಟ್ಟಿಗೆ ಬಂದಿದ್ದಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನುತ್ತದೆ. ಮತ್ತೊಂದು: ಒಂದು ಅಭಿಪ್ರಾಯಕ್ಕೆ ಕೊಟ್ಟ ಕಾರಣ ಬಿದ್ದುಹೋದ ಮಾತ್ರಕ್ಕೆ ಅದರ ವಿರುದ್ಧದ ಅಭಿಪ್ರಾಯ ಸಾಬೀತಾಯಿತು ಎಂದುಕೊಳ್ಳುತ್ತದೆ.

ಬಸ್ಸು, ಖರ್ಚು ಅಂತ ಎರಡು ಕಂಡ ಕೂಡಲೇ ನಾನು ಕಾಗೆಯನ್ನು ಆರಿಸಿದ್ದೆ. ಸರಿ ಉತ್ತರ ಕೊನೆಯದು. ಖರ್ಚಿನ ಲೆಕ್ಕ ತಪ್ಪಾದರೆ ‘ಬೇಡ’ ಅನ್ನೋದಕ್ಕೆ ಇದ್ದ ಒಂದು ಕಾರಣ ಹೋಯಿತು, ಅಷ್ಟೇ. ‘ಬೇಕು’ ಅನ್ನೋದಕ್ಕೆ ಕಾರಣವನ್ನು ಯಾರೂ ಕೊಟ್ಟೇ ಇಲ್ಲ.

ಹೊಸ ನಿಯಮ ಬರೆದುಕೊಂಡೆ: ಬೆರಳಿಟ್ಟು ತೋರಿಸು. ಒಂದು ಉತ್ತರ ಆರಿಸುವ ಮೊದಲು ಎರಡು ಪ್ರಶ್ನೆ. ಈ ವಾದ ನಿಜವಾಗಿ ಹೀಗೆ ಮಾಡಿದೆಯಾ? ಮಾಡಿದ್ದರೆ ಯಾವ ಸಾಲಿನಲ್ಲಿ ಅಂತ ಪರದೆ ಮೇಲೆ ಬೆರಳಿಡಬೇಕು. ಬೆರಳಿಡೋಕೆ ಜಾಗ ಸಿಗದಿದ್ದರೆ ಉತ್ತರ ಎಷ್ಟೇ ಚೆನ್ನಾಗಿ ಕಂಡರೂ ಬಿಡಬೇಕು. ಎರಡನೇದು, ಮಾಡಿದ್ದು ತಪ್ಪಾ? ವಾದ ನಿಜವಾಗಿ ಮಾಡಿರುವ, ಆದರೆ ತಪ್ಪೇ ಅಲ್ಲದ ಕೆಲಸವನ್ನೂ ಉತ್ತರವಾಗಿ ಇಟ್ಟಿರುತ್ತಾರೆ.

‘ಈ ಸಾಧ್ಯತೆಯನ್ನು ಪರಿಗಣಿಸಿಲ್ಲ’ ಅಂತ ಶುರುವಾಗುವ ಉತ್ತರಗಳಿಗೆ ಬೆರಳಿನ ನಿಯಮ ನಡೆಯೋದಿಲ್ಲ, ಇಲ್ಲದ್ದಕ್ಕೆ ಎಲ್ಲಿ ಬೆರಳಿಡೋದು? ಅಲ್ಲಿ ಬೇರೆ ಪರೀಕ್ಷೆ. ಆ ಸಾಧ್ಯತೆ ನಿಜ ಅಂತ ಇಟ್ಟುಕೊಂಡರೆ ವಾದಕ್ಕೆ ಪೆಟ್ಟು ಬೀಳುತ್ತಾ? ಬಿದ್ದರೆ ಅದೇ ಉತ್ತರ.

ಏಳನೇ ವಾರ

ಅಕ್ಕನ ಮಗಳು ಮೈಸೂರಿನಲ್ಲಿ ಎರಡನೇ ಪಿಯುಸಿ. ಕ್ಲ್ಯಾಟ್‌ಗೆ, ಅಂದರೆ ಭಾರತದ ಲಾ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಳೆ, ಬೆಂಗಳೂರಿನ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್ ಮೇಲೆ ಅವಳ ಕಣ್ಣು. ಭಾನುವಾರ ಅಮ್ಮನ ಜೊತೆ ಮಾತು ಮುಗಿದ ಮೇಲೆ ಅವಳ ಜೊತೆ ಒಂದು ಗಂಟೆ ಕೂರುತ್ತೇನೆ. ಅವಳದು ಎರಡು ಗಂಟೆಗೆ 120 ಪ್ರಶ್ನೆ, ಉದ್ದದ ಪ್ಯಾಸೇಜ್ ಕೊಟ್ಟು ಅದರ ಮೇಲೆ ಸಾಲಾಗಿ ಕೇಳುತ್ತಾರೆ. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತೆ. ನನಗೆ ತಪ್ಪಿಗೆ ಏನೂ ಕಳೆಯೋದಿಲ್ಲ, ಹಾಗಾಗಿ ನಾನು ಒಂದನ್ನೂ ಖಾಲಿ ಬಿಡಬಾರದು. ಅವಳು ಯೋಚನೆ ಮಾಡಿ ಬಿಡಬೇಕು. ಆದರೆ ವಾದದ ತಪ್ಪುಗಳು ಇಬ್ಬರಿಗೂ ಅವೇ.

ಈ ಸಲ ಅವಳು ನನ್ನ ನೋಟ್‌ಬುಕ್‌ಗೆ ಒಂದು ಪುಟ ಕೊಟ್ಟಳು. ಮನೆಗೆ ಬಂದ ನೆಂಟರೊಬ್ಬರು, ‘ಆ ಡಾಕ್ಟರ್ ತಾನೇ ಸಿಗರೇಟು ಸೇದ್ತಾನೆ, ನನಗೆ ಬಿಡು ಅಂತಾನೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ’ ಅಂದರಂತೆ.

‘ಚಿಕ್ಕಮ್ಮಾ, ಸೇದೋ ಡಾಕ್ಟರ್ ಹೇಳಿದ್ರೂ ಸಿಗರೇಟು ಕೆಟ್ಟದ್ದೇ ಅಲ್ವಾ?’ ಅಂತ ಕೇಳಿದಳು.

ಎಷ್ಟು ಸರಿಯಾಗಿ ಹಿಡಿದಳು! ಬದನೆಕಾಯಿ ತಿಂದದ್ದು ಹೇಳಿದವರ ನಡತೆಗೆ ಕುಂದು. ಹೇಳಿದ ಮಾತಿಗೆ ಅದರಿಂದ ಏನೂ ಆಗೋದಿಲ್ಲ. ಇಷ್ಟು ದಿನ ಗಾದೆಗಳು ತಪ್ಪು ಹಿಡಿಯೋಕೆ ನನಗೆ ಸಹಾಯ ಮಾಡಿದ್ದವು. ಇಲ್ಲಿ ಗಾದೆಯೇ ತಪ್ಪಿಗೆ ಆಸರೆ ಆಗಿತ್ತು. ‘ಹಾಗಾದರೆ ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅಂತಾರಲ್ಲ?’ ಅಂದೆ. ಒಂದು ಕ್ಷಣ ಸುಮ್ಮನಿದ್ದು ಹೇಳಿದಳು, ‘ಅದೂ ಗಾದೆನೇ ಅಲ್ವಾ ಚಿಕ್ಕಮ್ಮಾ. ಗಾದೆ ನಿಜ ಅನ್ನೋದಕ್ಕೆ ಗಾದೆನೇ ಸಾಕ್ಷಿ.’

ಸುತ್ತಿ ಬಳಸಿ ಅಲ್ಲಿಗೇ ಬರುವ ವಾದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಾನು ಎಲ್ಲೂ ನೋಡಿಲ್ಲ. ಪುಟದ ಮೂಲೆಯಲ್ಲಿ ಅವಳ ಹೆಸರು ಬರೆದಿಟ್ಟಿದ್ದೇನೆ.

ಒಂಬತ್ತನೇ ವಾರ

ಎಂಟನೇ ವಾರ ಪೂರ್ತಿ ಬೆರಳಿನ ಅಭ್ಯಾಸ. ಮೊದಮೊದಲು ನಿಧಾನ, ಸೆಕ್ಷನ್ ಮುಗಿಯೋಕೆ 42 ನಿಮಿಷ ಬೇಕಾಗುತ್ತಿತ್ತು. ಈಗ 36ಕ್ಕೆ ಬಂದಿದೆ. ಇನ್ನೂ ಒಂದು ನಿಮಿಷ ಇಳಿಯಬೇಕು.

ನಿನ್ನೆಯ ಸೆಕ್ಷನ್‌ನಲ್ಲಿ 26ಕ್ಕೆ 22. ಕಳೆದ ಮೂರು ಸೆಕ್ಷನ್‌ಗಳಲ್ಲಿ ಬಂದ 13 ಫ್ಲಾ ಪ್ರಶ್ನೆಗಳಲ್ಲಿ 11 ಸರಿ. ತಪ್ಪಾದ ಎರಡೂ ಒಂದೇ ಬಗೆ: ಶೇಕಡಾ ಲೆಕ್ಕಕ್ಕೂ ಎಣಿಕೆಗೂ ಗೊಂದಲ. ‘ಹೋದ ವರ್ಷ ದೂರುಗಳಲ್ಲಿ ಶೇ 40 ಬಿಲ್ಲಿನ ಬಗ್ಗೆ ಇದ್ದವು, ಈ ವರ್ಷ ಶೇ 30. ಹಾಗಾಗಿ ಬಿಲ್ಲಿನ ದೂರು ಕಡಿಮೆ ಆಗಿದೆ’ ಅಂತ ಬರುತ್ತೆ. ಓದುವಾಗ ತಲೆ ಆಡಿಸಿಬಿಡುತ್ತೇನೆ. ಹೋದ ವರ್ಷ ಒಟ್ಟು ದೂರು 100 ಇದ್ದು, ಈ ವರ್ಷ 200 ಆಗಿದ್ದರೆ? ಆಗ ಬಿಲ್ಲಿನ ದೂರು 40ರಿಂದ 60ಕ್ಕೆ ಏರಿದೆ. ಕಾಗದದ ಮೇಲೆ ಸಲೀಸಾಗಿ ಕಾಣುತ್ತೆ, ಗಡಿಯಾರ ಓಡುವಾಗ ಕಾಣೋದಿಲ್ಲ.

ಈ ಪುಟದಲ್ಲಿ ಎರಡು ರೊಟ್ಟಿ ಬರೆದಿದ್ದೇನೆ, ಒಂದು ಚಿಕ್ಕದು, ಒಂದು ದೊಡ್ಡದು. ಚಿಕ್ಕ ರೊಟ್ಟಿಯ ಅರ್ಧಕ್ಕಿಂತ ದೊಡ್ಡ ರೊಟ್ಟಿಯ ಕಾಲು ಭಾಗವೇ ಜಾಸ್ತಿ ಇರಬಹುದು. ಚಿತ್ರ ಸರಿಯಾಗೇ ಇದೆ. ಆದರೆ ಉಳಿದವುಗಳ ಹಾಗೆ ಬಾಯಿಗೆ ಬರುವ ಒಂದು ಮಾತು ಬೇಕು. ಪುಟದ ಮೇಲೆ ಹೆಸರಿನ ಜಾಗ ಇನ್ನೂ ಖಾಲಿ ಇದೆ. ಭಾನುವಾರ ಅಮ್ಮನನ್ನು ಕೇಳಬೇಕು.